ನಿಂಬೆ ಹುಳದ ಡಬ್ಬಿ

ಪ್ರಾಣಿಗಳ ವರ್ತನೆ ಎಂಬ ಪಾಠವನ್ನು ಚಿತ್ರ ತೋರಿಸಿ ಮುಗಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇಂಡಿ ಪಟ್ಟಣದಿಂದ ಟೆಂಪೋದಲ್ಲಿ ಹೋಗಿಬರುವ ಹಳ್ಳಿ ಶಾಲೆಯ ವಿಜ್ಞಾನದ ಟೀಚರ್ ನಾನು. ಊರ ತುಂಬ ನಿಂಬೆ ತೋಟ. ನಿಂಬೆ ಎಲೆ ತಿನ್ನುವ ಹಸಿರು ಹುಳಗಳನ್ನು ಬೂಟಿನ ಡಬ್ಬಿಯಲ್ಲಿಟ್ಟು ತರಗತಿಗೆ ತಂದೆ. ಕಡ್ಡಿ ಮುಟ್ಟಿಸಿದರೆ ಸಾಕು, ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೋಡು ಚಾಚಿ ಗಬ್ಬು ವಾಸನೆ ಬಿಡುತ್ತಿದ್ದವು. ಹೆದರಿದ ಪ್ರಾಣಿ ಹೇಗೆ ಹೆದರಿಸುತ್ತದೆ ಎಂಬುದನ್ನು ಮಕ್ಕಳು ಮೂಗು ಮುಚ್ಚಿಕೊಂಡು ಕಲಿತರು.

ಎಲೆ ತರುವ ಕೆಲಸವನ್ನು ಒಬ್ಬ ಹುಡುಗಿ ವಹಿಸಿಕೊಂಡಳು. ಅವಳಪ್ಪನದು ನಿಂಬೆ ತೋಟ. ಔಷಧ ಬಿದ್ದ ಎಲೆ ತಿಂದರೆ ಹುಳ ಸಾಯುತ್ತವೆ ಎಂದು ನಾನು ಹೇಳಿದ್ದೇ ತಡ, ಬದುವಿನ ಒಂದು ಗಿಡಕ್ಕೆ ಔಷಧ ಹೊಡೆಯದಂತೆ ಅಪ್ಪನನ್ನು ಕಾಡಿ ಒಪ್ಪಿಸಿದ್ದಳು. ಯಾಕೆಂದು ಮಾತ್ರ ಹೇಳಿರಲಿಲ್ಲ.

ನಾಗರ ಪಂಚಮಿಯ ಹಿಂದಿನ ದಿನ ಅಪ್ಪನಿಗೆ ಅದು ಗೊತ್ತಾಯಿತು. ತರಗತಿಯ ಬಾಗಿಲಿಗೇ ಬಂದು ನಿಂತ.

"ನಮ್ಮ ತ್ವಾಟಾ ತಿನ್ನೂ ಹುಳಾ ಸಾಕಾಕತ್ತೀರಿ. ನಿಮ್ಮ ತಲಿ ನೆಟ್ಟಗೈತೇನ್ರಿ?"

"ಡಬ್ಬಿ ಬಿಟ್ಟು ಹೋಗೂದಿಲ್ರಿ ಅವು," ಎಂದೆ.

"ನಾಳಿ ಪಂಚಮಿ, ಹುಳಾ ಹುಪ್ಪಡಿ ಕೊಲ್ಲಂಗಿಲ್ಲ ಅಂತ ಸುಮ್ಮನದೇನಿ. ನಾಡಿದ್ದ ಔಷಧದ ಪಂಪ್ ತಗೊಂಡ ಬರ್ತೇನಿ."

ಪಂಚಮಿಯ ಉಂಡಿ ತಿನ್ನದೆ ತಟ್ಟೆಯಲ್ಲೇ ಬಿಟ್ಟೆ. ಓಣಿಯವರೆಲ್ಲ ಜೋಕಾಲಿ ಆಡುತ್ತಿದ್ದರೆ ನಾನು ಮನೆಗೆ ತಂದಿದ್ದ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದೆ. ಹುಳ ಸತ್ತರೆ ಇನ್ನೊಂದು ಸಿಗುತ್ತದೆ. ಆದರೆ ಅಪ್ಪನೇ ಬಂದು ಎಲ್ಲರೆದುರು ಕೊಂದರೆ ಆ ಹುಡುಗಿ ಮತ್ತೆ ಶಾಲೆಗೆ ಮುಖ ತೋರಿಸುತ್ತಾಳೆಯೇ? ಡಬ್ಬಿ ಒಯ್ಯುವುದೇ ಬೇಡ ಅಂದುಕೊಂಡೆ. ಅವಳು ಎಲೆ ಹಿಡಿದು ಕಾಯುತ್ತಾಳಲ್ಲ ಎಂದು ಬೆಳಿಗ್ಗೆ ಶಾಲೆಗೆ ಒಯ್ದೆ.

ಅವನು ಬೆನ್ನಿಗೆ ಪಂಪ್ ಹಾಕಿಕೊಂಡೇ ಬಂದ. ಹುಡುಗಿ ಎದ್ದು ಹೋಗಿ ಅವನ ಕೈಗೆ ಕಡ್ಡಿ ಕೊಟ್ಟಳು.

"ಅಪ್ಪಾ, ಮೊದ್ಲ ಒಮ್ಮೆ ಮುಟ್ಟಿ ನೋಡು."

ಮುಟ್ಟಿದ. ಹುಳ ಕೋಡು ಚಾಚಿತು. ಅವನು ಹಿಂದೆ ಸರಿದ ಭರಕ್ಕೆ ಪಂಪ್ ಗೋಡೆಗೆ ಬಡಿಯಿತು.

"ಅಂಜೇತಪಾ ಅದು," ಎಂದಳು. ಹೇಳುತ್ತ ಅವಳೂ ಅಪ್ಪನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಅದನ್ನು ನೋಡಿ, ಔಷಧ ಹೊಡೆಯದೆ ಹೊರಟುಹೋದ.

ಮರುದಿನ ಅವಳು ಎಲೆ ತಂದಳು.

"ಅಪ್ಪಾ ತಾನ ಹರಿದು ಕೊಟ್ಟಾನ್ರಿ."

ಔಷಧ ಹೊಡೆದ ಗಿಡದ್ದೇ ಕೊಟ್ಟಿದ್ದಾನೋ ಏನೋ. ಮೂಸಿ ನೋಡಬೇಕೆಂದು ಎಲೆ ಎತ್ತಿದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮೂಸದೆ ಡಬ್ಬಿಗೆ ಹಾಕಿದೆ.

ಬೆಳಗಿನ ಪಾಠದಲ್ಲಿ ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಬಿಸಿಯೂಟದ ಗಂಟೆಯಾದಾಗ ಮುಚ್ಚಳ ತೆಗೆದೆ. ಹೆಚ್ಚಿನ ಎಲೆಗಳಲ್ಲಿ ದಂಟಷ್ಟೇ ಉಳಿದಿತ್ತು, ಮಿಕ್ಕಿದ್ದನ್ನು ಹುಳಗಳು ಇನ್ನೂ ಮೇಯುತ್ತಿದ್ದವು. ಆಗ ನನಗೂ ಹಸಿವಾಯಿತು.