ಹಸಿರು ಪರದೆಯ ಕೆಳಗಿನ ಮಲ್ಲಪ್ಪ ಕಾಕಾ

ಮಲ್ಲಪ್ಪ ಕಾಕಾ ಗಿಡಗಳಿಗೆ ಕಣ್ಣು ಮುಚ್ಚಿಕೊಂಡು ನೀರು ಬಿಡುತ್ತಿದ್ದರು. ಮೊದಲ ಸಲ ನೋಡಿದಾಗ ಈ ಮನುಷ್ಯ ನಿಂತಲ್ಲೇ ನಿದ್ದೆ ಹೋಗಿದ್ದಾರೆ ಅಂದುಕೊಂಡೆ. ತಲೆಗೆ ಸುತ್ತಿದ ಟವೆಲ್ಲು ಹುಬ್ಬಿನವರೆಗೆ ಇಳಿದಿತ್ತು, ಗದ್ದ ಎದೆಗೆ ತಾಗಿತ್ತು. ಕೈಯಲ್ಲಿದ್ದ ಪೈಪು ಮಾತ್ರ ಎಚ್ಚರವಾಗಿತ್ತು. ಒಂದು ಕುಂಡದಿಂದ ಇನ್ನೊಂದಕ್ಕೆ ಅದು ಮೆಲ್ಲಗೆ ಸರಿಯುತ್ತಿತ್ತು, ಒಂದು ಹನಿಯೂ ಹೊರಗೆ ಚೆಲ್ಲುತ್ತಿರಲಿಲ್ಲ. ಒಣಗಿದ ಮಣ್ಣಿಗೆ ನೀರು ಬಿದ್ದರೆ ಒಂದು ಸಪ್ಪಳ, ಕುಂಡ ತುಂಬುತ್ತ ಬಂದರೆ ಇನ್ನೊಂದು ಸಪ್ಪಳ. ಕಾಕಾ ಅದನ್ನು ಕೇಳಿ ಕೈ ಸರಿಸುತ್ತಿದ್ದರು. ಕಣ್ಣೇಕೆ ಮುಚ್ಚುತ್ತೀರಿ ಎಂದು ಕೇಳಿದ್ದಕ್ಕೆ, "ಕಣ್ಣ ತೆರದ್ರ ಕಿವಿ ಮಲಗತಾವ ತಂಗಿ" ಅಂದರು. ಅಂದು ಮತ್ತೆ ಮುಚ್ಚಿಕೊಂಡರು.

ದಾಬೋಲಿಮ್ ವಿಮಾನ ನಿಲ್ದಾಣದಿಂದ ಕೆಳಗಿಳಿಯುವ ರಸ್ತೆಯ ಒಂದು ತಿರುವಿನಲ್ಲಿತ್ತು ಆ ನರ್ಸರಿ. ಮೇಲೆ ಬಿಸಿಲು ತಡೆಯುವ ಹಸಿರು ಬಲೆಯ ಪರದೆ. ಅದರ ಕೆಳಗೆ ಹೋದರೆ ಕೈ, ಮುಖ, ಹಾಕಿಕೊಂಡ ಬಿಳಿ ಅಂಗಿ ಎಲ್ಲವೂ ತಿಳಿಹಸಿರು. ಕೆರೆಯ ತಳದಲ್ಲಿ ನಡೆದಾಡಿದ ಹಾಗೆ ಅನ್ನಿಸುತ್ತಿತ್ತು. ವಿಮಾನ ಇಳಿಯುವಾಗ ಅದರ ನೆರಳು ಪರದೆಯ ಮೇಲೆ ಹಾದು, ಕುಂಡಗಳ ಮೇಲೆ ಹಾದು, ಗೋಡೆಯಾಚೆ ಹೋಗಿಬಿಡುತ್ತಿತ್ತು. ಎಲೆಗಳು ಸ್ವಲ್ಪ ಹೊತ್ತು ನಡುಗಿ ಸುಮ್ಮನಾಗುತ್ತಿದ್ದವು. ನರ್ಸರಿಯ ಒಡತಿ ಗೋವಾದವರೇ. ಅಮ್ಮಾವ್ರು ಎನ್ನುವ ಹಾಗೆ ನಾವೆಲ್ಲ ಅವರನ್ನು ಬಾಯಿ ಅಂತಲೇ ಕರೆಯುತ್ತಿದ್ದೆವು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟದ್ದು ಅಪ್ಪನೇ. ಝುವಾರಿನಗರದ ನಮ್ಮ ಮನೆ ಎಂದರೆ ತಗಡಿನ ಕೆಳಗಿನ ಒಂದೇ ಖೋಲಿ, ಮಧ್ಯಾಹ್ನವಾದರೆ ಹಂಚಿನ ಮೇಲಿನ ರೊಟ್ಟಿಯ ಪಾಡು ನಮ್ಮದು. ನಾನು ಹನ್ನೊಂದನೆಯ ಇಯತ್ತೆಗೆ ಸೇರಿ ಸೈನ್ಸ್ ತೆಗೆದುಕೊಂಡಾಗ, ರಜೆಯ ದಿನ ತಂಪಿನಲ್ಲಿ ಕೂತು ಓದಿಕೊಳ್ಳಲಿ ಅಂತ ಅಪ್ಪ ತನಗೆ ಗೊತ್ತಿದ್ದ ಮಲ್ಲಪ್ಪನ ಹತ್ತಿರ ಕಳಿಸಿದ. ಇಬ್ಬರೂ ವಿಜಯಪುರದ ಕಡೆಯ ಅಕ್ಕಪಕ್ಕದ ಊರಿನವರು. ಗಾರೆ ಕೆಲಸಕ್ಕೆಂದು ಒಂದೇ ಕಾಲದಲ್ಲಿ ಗೋವಾಕ್ಕೆ ಬಂದವರು. ಬೆಕ್ಕನ್ನು ಹಾಲಿನ ಕಾವಲಿಗೆ ನಾನೇ ಕೂರಿಸಿದೆ ಎಂದು ಅಪ್ಪ ಆಮೇಲೆ ಎಷ್ಟೋ ಸಲ ಗೊಣಗಿದ.

ಮಧ್ಯಾಹ್ನದ ಊಟವಾದ ಮೇಲೆ ನರ್ಸರಿಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಗಿಡಗಳು ಮಲಗುವ ಹೊತ್ತು ಎಂಬುದು ಕಾಕಾನ ಕಟ್ಟಳೆ. ಗಿಡಗಳ ಹೆಸರಿನಲ್ಲಿ ಅವರೇ ಗೊಬ್ಬರದ ಚೀಲಗಳ ಮೇಲೆ ಒರಗಿ ಸಣ್ಣ ನಿದ್ದೆ ತೆಗೆಯುತ್ತಿದ್ದರು ಎನ್ನುವುದು ಬೇರೆ ಮಾತು. ಎದ್ದು ಕೂತು ಕನಸು ಹೇಳುತ್ತಿದ್ದರು. ಅವರ ಕನಸಿನಲ್ಲಿ ಮನುಷ್ಯರು ಬರುತ್ತಿದ್ದದ್ದೇ ಕಡಿಮೆ. ಎಂದೋ ಮಾರಿದ ದಾಸವಾಳ ಬಾಗಿಲಿಗೆ ಬಂದು ನಿಂತಿತ್ತು, ಬಕುಳದ ಗಿಡ ನೀರು ಕೇಳಿತು, ಹೀಗೆ. ಕನಸು ಬಿದ್ದ ವಾರ ಅವರು ಸುಮ್ಮನಿರುವವರಲ್ಲ. ರವಿವಾರ ಒಗೆದ ಧೋತರ ಉಟ್ಟು, ಬಸ್ಸು ಹತ್ತಿ ಆ ಗಿಡವನ್ನು ನೋಡಿಕೊಂಡು ಬರುತ್ತಿದ್ದರು. ಎಲ್ಲಿಗೆ ಹೊರಟಿರಿ ಎಂದರೆ, ಬೀಗರ ಮನೆಗೆ ಎನ್ನುತ್ತಿದ್ದರು.

ಗಿಡ ಕೊಂಡವರೆಲ್ಲ ಅವರಿಗೆ ಬೀಗರು. ಒಮ್ಮೆ ಹೊಸ ಫ್ಲ್ಯಾಟಿಗೆ ಬಂದ ಒಬ್ಬರು ಬಾಲ್ಕನಿಗೆ ಮಲ್ಲಿಗೆ ಕೇಳಿದರು. ಬಾಲ್ಕನಿಗೆ ಬಿಸಿಲು ಯಾವ ಕಡೆಯಿಂದ, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದರೆ ನೀರು ಹಾಕುವವರು ಯಾರು ಎಂದು ಕಾಕಾ ತಮ್ಮ ಮುರುಕು ಹಿಂದಿಯಲ್ಲಿ ವಿಚಾರಣೆಗೇ ನಿಂತರು. ನಾನು ಗಿಡ ಕೊಳ್ಳಲು ಬಂದೆನೋ ಹೆಣ್ಣು ನೋಡಲು ಬಂದೆನೋ ಎಂದು ಅವರು ನಕ್ಕರು. ಕಾಕಾ ನಗಲಿಲ್ಲ. ಮಲ್ಲಿಗೆಯನ್ನು ಹಿಂದಕ್ಕಿಟ್ಟು, ನೆರಳಲ್ಲೂ ಬೆಳೆಯುವ ಬೇರೆ ಗಿಡ ಕೊಟ್ಟು ಕಳಿಸಿದರು. ಇದೇ ರೀತಿ ಮಾಡಿದರೆ ಅಂಗಡಿಗೆ ಬಾಗಿಲು ಹಾಕಬೇಕಾದೀತು ಎಂದು ಬಾಯಿ ಕೊಂಕಣಿಯಲ್ಲಿ ಗದರಿದರು. ಆ ಗಿರಾಕಿ ಮುಂದಿನ ತಿಂಗಳು ತಂಗಿಯನ್ನೂ ಕರೆದುಕೊಂಡು ಬಂದಾಗ ಮಾತ್ರ ಏನೂ ಅನ್ನಲಿಲ್ಲ.

ನನ್ನ ಜೀವಶಾಸ್ತ್ರದ ಪುಸ್ತಕದ ಮೇಲೆ ಕಾಕಾನಿಗೆ ಭಾರಿ ಪ್ರೀತಿ. ಗಿಡಗಳ ಶಾಸ್ತ್ರೀಯ ಹೆಸರುಗಳನ್ನು ನನ್ನಿಂದ ಓದಿಸಿ ಕೇಳುತ್ತಿದ್ದರು. ಬಕುಳಕ್ಕೆ ಮಿಮುಸಾಪ್ಸ್ ಎಲೆಂಗಿ ಎನ್ನುತ್ತಾರೆ ಎಂದು ತಿಳಿದ ದಿನ ಸಂಜೆಯವರೆಗೂ ಅದನ್ನೇ ಬಾಯಲ್ಲಿಟ್ಟುಕೊಂಡು ತಿರುಗಿದರು. "ಯಾವದೋ ದೊಡ್ಡ ಮನಿ ಹೆಣ್ಣಮಗಳ ಹೆಸರ ಇದ್ದಂಗೈತಿ. ಎಲೆಂಗಿ, ಬಾರವಾ" ಎಂದು ಆ ಗಿಡವನ್ನು ಎತ್ತಿ ಬಿಸಿಲಿಗಿಟ್ಟರು.

ನಾನೂ ಇದೇ ಕೆಲಸ ಮಾಡುತ್ತೇನೆ ಎಂದು ಹೇಳಿದಾಗ ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಗಂಟಾಯಿತು. "ಚಂದ ಎಲ್ಲಾರಿಗೂ ಕಾಣತೈತಿ. ಮೊದಲ ಇದರ ಬ್ಯಾಸರಾ ನೋಡ, ಆಮ್ಯಾಲ ಹೇಳ" ಅಂದರು. ಮತ್ತೆ ಬೇಸರವನ್ನು ಧಾರಾಳವಾಗಿಯೇ ತೋರಿಸಿದರು. ಕೆಂಪು ಮಣ್ಣು, ಉಸುಕು, ಸೆಗಣಿ ಗೊಬ್ಬರ ಬೆರೆಸಿ ಜರಡಿ ಹಿಡಿಯುವುದು, ಚೀಲ ತುಂಬುವುದು, ಮಳೆಗಾಲದಲ್ಲಿ ಬಸವನಹುಳು ಆರಿಸುವುದು. ಉಗುರಿನ ಸಂದಿಯ ಮಣ್ಣು ಎಷ್ಟು ತೊಳೆದರೂ ಹೋಗದೆ ಕಾಲೇಜಿನಲ್ಲಿ ಕೈ ಮುಚ್ಚಿಕೊಂಡು ಕೂರುತ್ತಿದ್ದೆ. ಆಮೇಲೆ ಮಾವಿನ ಕಸಿ ಕಟ್ಟುವುದನ್ನು ಹೇಳಿಕೊಟ್ಟರು. ನಾನು ಕಟ್ಟಿದ ಮೊದಲ ಸಾಲು ಪೂರ್ತಿ ಒಣಗಿ ಹೋಯಿತು. ಅಳುತ್ತ ಕೂತಿದ್ದೆ. ಕಾಕಾ ಸಮಾಧಾನ ಮಾಡಲಿಲ್ಲ. ಒಂದೊಂದನ್ನೂ ಬಿಚ್ಚಿ ನೋಡಲು ಹೇಳಿದರು. ಬಿಚ್ಚಿ ನೋಡಿದೆ. ಸುತ್ತಿದ ಪಟ್ಟಿ ಸಡಿಲಾಗಿ ಒಳಗೆ ನೀರು ಇಳಿದಿತ್ತು. ಮುಂದಿನ ಸಾಲಿನಲ್ಲಿ ಚಿಗುರು ಬಂತು. ತಾಮ್ರದ ಬಣ್ಣದ ಆ ಎಲೆಗಳನ್ನು ನೋಡುತ್ತ ನಿಂತಾಗ, ನನಗೆ ಬೇರೆ ಯಾವ ಕೆಲಸವೂ ಬೇಡ ಎಂದು ಖಚಿತವಾಗಿ ಅನ್ನಿಸಿತು.

ತೋಟಗಾರಿಕೆಯ ಡಿಪ್ಲೊಮಾ ಇದೆ, ಹಾಸ್ಟೆಲಿನಲ್ಲಿದ್ದು ಎರಡು ವರ್ಷ ಓದಬೇಕು ಎಂದು ಬಾಯಿ ಹೇಳಿದರು. ಅಪ್ಪನ ಲೆಕ್ಕಾಚಾರವೇ ಬೇರೆ ಇತ್ತು. ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಪರಿಚಯದವರ ಮೂಲಕ ಮಾತಾಡಿಟ್ಟಿದ್ದ. ಯೂನಿಫಾರ್ಮು, ಕರೆದೊಯ್ಯಲು ಬಸ್ಸು, ತಲೆಯ ಮೇಲೆ ಫ್ಯಾನು. ಊರಿನಲ್ಲಿ ತುಂಡು ಹೊಲವೂ ಇಲ್ಲದೆ, ತಲೆತಲಾಂತರದಿಂದ ಇನ್ನೊಬ್ಬರ ಹೊಲದಲ್ಲಿ ದುಡಿದ ಮನೆತನ ನಮ್ಮದು. ಮಗಳು ಓದಿ ಮತ್ತೆ ಮಣ್ಣಿಗೇ ಕೈ ಹಾಕುವುದು ಅವನಿಗೆ ಸಹಿಸದ ಮಾತು. ನಮ್ಮಿಬ್ಬರ ನಡುವೆ ಮಾತೇ ಕಡಿಮೆಯಾಯಿತು.

ಆ ಚಳಿಗಾಲದ ಎಳ್ಳಮಾವಾಸ್ಯೆಗೆ ಕಾಕಾ ಅಪ್ಪನನ್ನು ನರ್ಸರಿಗೆ ಕರೆದರು. ನಮ್ಮ ಕಡೆ ಅಂದು ಹೊಲಕ್ಕೆ ಹೋಗಿ, ಬೆಳೆ ಹೊತ್ತ ಭೂತಾಯಿಗೆ ಬಯಕೆಯ ಊಟ ಎಂದು ಹೊಲದ ತುಂಬ ಅಡುಗೆಯನ್ನು ಎರಚುತ್ತಾರೆ. ಚರಗ ಚೆಲ್ಲುವುದು ಅಂತ ಅದಕ್ಕೆ. ಹೊಲವಿಲ್ಲದ ಕಾಕಾ ವರ್ಷಾ ವರ್ಷಾ ನರ್ಸರಿಯ ಮೂಲೆಯಲ್ಲಿ ಒಂದು ಹಿಡಿ ಚೆಲ್ಲಿ ಕೈ ಮುಗಿಯುತ್ತಿದ್ದರು. ಆ ವರ್ಷ ಅವ್ವ ಸಜ್ಜಿ ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ ಮಾಡಿ ಕಟ್ಟಿಕೊಟ್ಟಳು. ಕಾಕಾ ಬುಟ್ಟಿಯನ್ನು ಅಪ್ಪನ ಕೈಗಿಟ್ಟು, ನೀನೇ ಚೆಲ್ಲು ಅಂದರು. ಊರಿನಲ್ಲಿ ಗೌಡರ ಬುಟ್ಟಿ ಹೊತ್ತು ಬದುವಿನ ಮೇಲೆ ನಿಂತಿದ್ದವನೇ ಹೊರತು ಅಪ್ಪ ತನ್ನ ಕೈಯಿಂದ ಎಂದೂ ಚರಗ ಚೆಲ್ಲಿದವನಲ್ಲ. ಮೊದಲು ಅಳುಕಿದ. ಆಮೇಲೆ ಅವನ ಕೈ ಬಿಚ್ಚಿತು. ಅಪ್ಪ ಮುಂದೆ ಚೆಲ್ಲುತ್ತ, ಕಾಕಾ ಹಿಂದೆ ನೀರು ಚಿಮುಕಿಸುತ್ತ, ಆ ಹಸಿರು ಬೆಳಕಿನಲ್ಲಿ ಇಬ್ಬರೂ ಸಾಲು ಸಾಲು ತಿರುಗಿದರು. ನಾನು ಅಪ್ಪನನ್ನು ಅಷ್ಟು ಸುಖವಾಗಿ ನೋಡಿದ್ದೇ ಇಲ್ಲ. ಒಂದು ಸಸಿಯ ಚೀಲವನ್ನೂ ಬಿಡದೆ ಎಲ್ಲದರ ಬಯಕೆ ತೀರಿಸಿದ.

ಹೊಲದಲ್ಲಾದರೆ ಹಕ್ಕಿಗಳು ತಿಂದು ಹೋಗುತ್ತವೆ. ಇಲ್ಲಿ ರಾತ್ರೋರಾತ್ರಿ ಹೆಗ್ಗಣಗಳು ಬಂದವು. ಬೆಳಿಗ್ಗೆ ನೋಡಿದರೆ ಚೀಲಗಳು ಉರುಳಿಬಿದ್ದು, ಒಂದು ಹೊಟೇಲಿಗೆ ಕೊಡಬೇಕಾಗಿದ್ದ ಮಾನ್ಕುರಾದ್ ಮಾವಿನ ಕಸಿಗಳು ಕಟ್ಟಿದ ಜಾಗದಲ್ಲೇ ಮುರಿದಿದ್ದವು. ಬಾಯಿ ತಲೆಯ ಮೇಲೆ ಕೈ ಹೊತ್ತರು. ಚೆಲ್ಲಿದವನು ನಾನೇ ಎಂದು ಕಾಕಾ ತಪ್ಪನ್ನೆಲ್ಲ ಮೈಮೇಲೆ ಹಾಕಿಕೊಂಡರು. ಮುಂದಿನ ವರ್ಷದಿಂದ ಗೇಟಿನ ಹೊರಗೆ ಬಾಳೆಲೆಯಲ್ಲಿ ಇಡಿ ಎಂದಷ್ಟೇ ಬಾಯಿ ಹೇಳಿದರು. ಅದು ತೀರಾ ನ್ಯಾಯದ ಮಾತಾಗಿತ್ತು. ಆದರೆ ಅಪ್ಪನಿಗೆ ಅಷ್ಟೇ ಸಾಕಾಯಿತು. "ನೋಡಿದೆಲ್ಲ, ಇದೂ ಮಂದಿ ಹೊಲಾನ ಐತಿ. ಒಂದ ತುತ್ತ ಚೆಲ್ಲಾಕ ನಮಗ ಹಕ್ಕಿಲ್ಲ" ಎಂದು ಮನೆಗೆ ಬಂದು ಹೇಳಿದ. ಪರೀಕ್ಷೆ ಮುಗಿದ ಮೇಲೆ ಮಡ್ಕಯಿಯೇ ಎಂದು ತೀರ್ಮಾನವಾಯಿತು.

ರಿಸಲ್ಟ್ ಬಂದ ವಾರ, ಕಾರ್ಖಾನೆಗೆ ಹೋಗಬೇಕಾದ ದಿನ ಹತ್ತಿರವಿದ್ದಾಗ, ಕಾಕಾ ನಮ್ಮ ಖೋಲಿಗೆ ಬಂದರು. ವಾದ ಮಾಡಲಿಲ್ಲ. ರವಿವಾರ ನನ್ನ ಜೋಡಿ ಬಾ ಎಂದು ಅಪ್ಪನಿಗೆ ಹೇಳಿ, ಚಹಾ ಕುಡಿದು ಹೋದರು. ರವಿವಾರ ನಾನೂ ಹಿಂದೆ ಹೋದೆ. ದಾಬೋಲಿಮ್‌ನಲ್ಲಿ ಅವರಿಬ್ಬರೂ ಹಿಂದೆ ಕಲ್ಲು, ಸಿಮೆಂಟು ಹೊತ್ತು ಕಟ್ಟಿದ ದೊಡ್ಡ ಕಟ್ಟಡವೊಂದಿದೆ. ಅಪ್ಪ ಗೇಟಿನ ಹತ್ತಿರ ನಿಂತು ಮೇಲೆ ನೋಡುತ್ತಿದ್ದಂತೆ ವಾಚ್‌ಮನ್ ಬಂದು ಯಾರ ಮನೆಗೆ ಎಂದು ಕೇಳಿದ. ಅಪ್ಪ ಹಿಂದೆ ಸರಿದ. ಕಾಕಾ ಅವನನ್ನು ಕಂಪೌಂಡಿನ ಹೊರಗೋಡೆಗುಂಟ ಕರೆದುಕೊಂಡು ಹೋದರು. ಅಲ್ಲಿ ಬಕುಳದ ಮರಗಳು ಸಾಲಾಗಿ ನಿಂತಿದ್ದವು. ಹೂ ಉದುರಿ ಫುಟ್‌ಪಾತೆಲ್ಲ ಘಮಘಮ. ಮೂವರೂ ನೆರಳಲ್ಲಿ ಕೂತೆವು.

ಕಾಕಾ ಗಾರೆ ಕೆಲಸ ಬಿಟ್ಟದ್ದು ಹೇಗೆಂದು ನನಗೆ ಗೊತ್ತಾದದ್ದು ಆಗಲೇ. ಕಟ್ಟಡ ಮುಗಿಯುವ ಹೊತ್ತಿಗೆ ಗಿಡ ತುಂಬಿದ ಗಾಡಿ ಬಂದಿತಂತೆ. ಇಳಿಸಲು ಹೇಳಿದರು, ಕಾಕಾ ಇಳಿಸಿದರು. ನೆಡಲು ಹೇಳಿದರು, ನೆಟ್ಟರು. ಸಂಜೆ ಖಾಲಿ ಗಾಡಿ ಬಾಯಿಯ ನರ್ಸರಿಗೆ ಹೊರಟಾಗ ಯಾರಿಗೂ ಹೇಳದೆ ಅದರಲ್ಲಿ ಹತ್ತಿ ಕೂತುಬಿಟ್ಟರು. "ತಮ್ಮಾ, ಇಬ್ರೂ ಇಲ್ಲೇ ದುಡದೇವಿ. ನೀ ಕಟ್ಟಿದ್ದನ್ನ ಒಳಗ ಹೋಗಿ ನೋಡಾಕ ಬಿಡೂದಿಲ್ಲ. ನಾ ಹಚ್ಚಿದ್ದರ ನೆಳ್ಳಿನ್ಯಾಗ ಯಾರ್ನೂ ಕೇಳದ ಕುಂತೇವಿ ನೋಡ."

ಅಪ್ಪ ಉದುರಿದ ಹೂವೊಂದನ್ನು ಎತ್ತಿ ಬೆರಳಲ್ಲಿ ತಿರುಗಿಸಿದ. ಆಮೇಲೆ ತನ್ನ ಮನಸ್ಸಿನಲ್ಲಿದ್ದದ್ದನ್ನು ಮೊದಲ ಸಲ ಬಿಚ್ಚಿ ಹೇಳಿದ. "ಮಣ್ಣಾಗ ನಿಂತಾವ್ರಿಗೆ ಹಾದಿ ಮ್ಯಾಲ ಹೋಗಾವ್ರೂ ಕೆಲಸಾ ಹೇಳತಾರ ಮಲ್ಲಣ್ಣ. ನಮ್ಮಪ್ಪಗ ಹೇಳಿದ್ರು, ನನಗ ಹೇಳಿದ್ರು. ಇಕಿಗೆ ಹೇಳೂದ ಬ್ಯಾಡ."

"ಅದಕ್ಕ ಓದ್ಲಿ ಬಿಡ," ಅಂದರು ಕಾಕಾ, "ಇಕೀನ ಮಂದಿಗೆ ಕೆಲಸಾ ಹೇಳ್ಲಿ."

ಮಳೆ ಹಿಡಿದ ಮೇಲೆ ಅಪ್ಪನೇ ನನ್ನ ಟ್ರಂಕು ಹೊತ್ತು ಹಾಸ್ಟೆಲಿಗೆ ಬಿಟ್ಟು ಬಂದ. ಎರಡು ವರ್ಷ ಓದಿದೆ. ರಜೆಗೆ ಬಂದಾಗಲೆಲ್ಲ ಪರದೆಯ ಕೆಳಗೆ ಕೂತು ಹೊಸ ಹೆಸರುಗಳನ್ನು ಹೇಳುತ್ತಿದ್ದೆ, ಕಾಕಾ ತೂಕಡಿಸುತ್ತ ಕೇಳುತ್ತಿದ್ದರು. ಓದು ಮುಗಿದಾಗ ಬೇರೊಂದು ದೊಡ್ಡ ನರ್ಸರಿಯಲ್ಲಿ ಸೂಪರ್‌ವೈಸರ್ ಆಗಿ ಸೇರಿಕೊಂಡೆ. ಅಷ್ಟರಲ್ಲಿ ಬಾಯಿ ವಯಸ್ಸಾಯಿತೆಂದು ತಮ್ಮ ನರ್ಸರಿ ಮುಚ್ಚಿದ್ದರು. ಕಾಕಾ ಎಲ್ಲಿದ್ದಾರೆ ಎಂದು ಅಪ್ಪನಿಗೂ ಗೊತ್ತಿರಲಿಲ್ಲ, ನಾನು ವಿಚಾರಿಸುತ್ತಲೇ ಇದ್ದೆ.

ಮೊದಲ ದಿನ ಬೆಳಿಗ್ಗೆ ಆಳುಗಳೆಲ್ಲ ಸಾಲಾಗಿ ನಿಂತಿದ್ದರು. ಹೆಚ್ಚಿನವರು ನನ್ನ ಅಪ್ಪನ ವಯಸ್ಸಿನವರು. ಈ ಹುಡುಗಿ ನಮಗೇನು ಹೇಳುತ್ತಾಳೆ ಎಂಬುದು ಅವರ ಮುಖದ ಮೇಲೇ ಬರೆದಿತ್ತು. ಸಾಲಿನ ಕೊನೆಯಲ್ಲಿ, ದಿನಗೂಲಿಗೆ ಬಂದವರ ನಡುವೆ, ಮಲ್ಲಪ್ಪ ಕಾಕಾ ನಿಂತಿದ್ದರು. ಓಡಿಹೋಗಿ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹೋದೆ ಕೂಡ. ಕಾಕಾ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ, "ಬಾಯಾರ, ಮೊದಲ ನನಗ ಕೆಲಸಾ ಹೇಳ್ರಿ" ಅಂದರು. ಆಮೇಲೆ ನನಗೊಬ್ಬಳಿಗೆ ಮಾತ್ರ ಕೇಳುವಂತೆ, "ನಾ ಕೇಳಿದ್ರ ಇವ್ರೂ ಕೇಳತಾರ. ಹೇಳ, ತಂಗಿ" ಅಂದರು.

ಹೇಳಿದೆ. ಪರದೆಯ ಕೆಳಗಿನ ಸಸಿಗಳ ಸಾಲಿಗೆ ನೀರು ಬಿಡಿ ಎಂದೆ. ಹೌದ್ರಿ ಎಂದು ಅವರು ಹೊರಟರು. ಉಳಿದವರೂ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳಿದಾಗ ಅವನು ಊಟ ನಿಲ್ಲಿಸಿದ. ಮಲ್ಲಣ್ಣನಿಗೆ ಎಂಥ ಕೆಲಸ ಹೇಳಿದೆ ಎಂದು ಕೇಳಿದ. ನೆರಳಿನ ಕೆಲಸ ಎಂದೆ. ಚಲೋ ಮಾಡಿದಿ ಎಂದು ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಕಾಕಾ ನನ್ನ ಬಳಿ ಒಂದು ಮಳೆಗಾಲ ಇದ್ದರು. ದಿನವೂ ಸಾಲಿನ ಮೊದಲಿಗೆ ನಿಂತು ಮೊದಲ ಕೆಲಸ ಕೇಳಿಕೊಳ್ಳುತ್ತಿದ್ದರು. ದೀಪಾವಳಿಗೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಜ್ವರ ಬಂದು ಎರಡೇ ದಿನಕ್ಕೆ ಹೋಗಿಬಿಟ್ಟರಂತೆ. ಅಪ್ಪನಿಗೆ ಯಾರೋ ಫೋನು ಮಾಡಿ ತಿಳಿಸಿದರು. ಈಗ ಆಳುಗಳು ನನ್ನ ಮಾತು ಕೇಳುತ್ತಾರೆ, ಯಾರೂ ಎದುರಾಡುವುದಿಲ್ಲ. ಆದರೂ ಬೆಳಿಗ್ಗೆ ಸಾಲಿನ ಮುಂದೆ ಹೋಗಿ ನಿಂತಾಗ, ಮೊದಲ ಕೆಲಸ ಯಾರಿಗೆ ಹೇಳಬೇಕೆಂದು ತಿಳಿಯುವುದಿಲ್ಲ.