ಹತ್ತನೆಯವಳಾಗಿ ನಾನಿದ್ದೆ

ಒಂಬತ್ತು ಜನ ಗಂಡಸರು ಟೋಪಿ ಹಾಕಿಕೊಂಡು, ಪುಸ್ತಕ ತೆರೆದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಹತ್ತನೆಯವರು ಬರುವ ತನಕ ಆ ಪ್ರಾರ್ಥನೆ ಹೇಳುವಂತಿರಲಿಲ್ಲ. ಹೆಂಗಸರ ಕಡೆಯ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ನಾನಿದ್ದೆ. ತಲೆ ಎಣಿಸಿದರೆ ಸರಿಯಾಗಿ ಹತ್ತು. ಆದರೆ ನನ್ನ ತಲೆಯನ್ನು ಯಾರೂ ಎಣಿಸಲಿಲ್ಲ.

ಆಕ್ಲೆಂಡಿಗೆ ಬಂದು ನನಗದು ನಾಲ್ಕನೆಯ ವರ್ಷ. ಎರಡು ಸಾವಿರದ ಐದೋ ಆರೋ ಇಸವಿ. ಗಂಡ ಸುಧೀರನಿಗೆ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ, ನನಗೆ ಮೌಂಟ್ ಆಲ್ಬರ್ಟಿನ ಬಾಡಿಗೆ ಮನೆಯ ಕಿಟಕಿ. ಮೈಸೂರಿನ ಡಿಗ್ರಿ ಇಲ್ಲಿ ಯಾರಿಗೂ ಬೇಕಿರಲಿಲ್ಲ. ಡೈರಿಗೆ, ಅಂದರೆ ಬೀದಿ ಮೂಲೆಯ ಚಿಲ್ಲರೆ ಅಂಗಡಿಗೆ, ಹೋಗಿಬರುವುದೇ ದಿನದ ಸಂಚಾರ. ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಹಾಗಾಗಿ ಬಂದ ಮರುವರ್ಷವೇ ಮತ್ತೆ ಕಾಲೇಜು ಸೇರಿದ್ದೆ. ಕಣ್ಣಿಗೆ ಬಿದ್ದ ಮೊದಲ ತರಗತಿಯಲ್ಲಿ ಹೋಗಿ ಕೂತರೆ, ಮೇಡಂ ಯಹೂದಿಗಳ ಬಗ್ಗೆ ಹೇಳುತ್ತಿದ್ದರು. ನೆಲ ಕಳೆದುಕೊಂಡ ಜನ ತಮ್ಮ ಊರನ್ನು ಅಡುಗೆಮನೆಯಲ್ಲಿ, ಪಂಚಾಂಗದಲ್ಲಿ ಹೊತ್ತುಕೊಂಡೇ ತಿರುಗಿದರು ಎಂದರು. ಡಬ್ಬಿ ತುಂಬ ಅಮ್ಮನ ಸಾರಿನಪುಡಿ ಹೊತ್ತು ತಂದಿದ್ದವಳು ನಾನು. ಯಹೂದಿ ಅಧ್ಯಯನವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡೆ.

"ನಮ್ದೇ ಬೇಕಾದಷ್ಟು ಬಿದ್ದಿದೆಯಲ್ಲೇ, ಅವರದ್ಯಾಕೆ ನಿಂಗೆ? ಅದ್ರಿಂದ ಕೆಲಸ ಸಿಗತ್ತಾ?" ಎಂದು ಇಲ್ಲಿನ ಕನ್ನಡದವರಲ್ಲೇ ಹಿರಿಯರಾದ ವಿಮಲಾ ಆಂಟಿ ಕೇಳಿದರು.

"ಸಿಗಲ್ಲ ಆಂಟಿ," ಅಂದೆ. ಅವರು ಅದನ್ನೇ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಕೊನೆಯ ವರ್ಷ ಒಬ್ಬ ಯಹೂದಿ ಹಿರಿಯರ ಬದುಕನ್ನು ಕೇಳಿ ಬರೆಯಬೇಕಿತ್ತು. ನನಗೆ ಸಿಕ್ಕವರು ಲಿಯೋ. ಎಂಬತ್ತರ ಹತ್ತಿರದ ವಯಸ್ಸು, ಚಿಕ್ಕಂದಿನಲ್ಲಿ ಯುರೋಪಿನಿಂದ ಹಡಗಿನಲ್ಲಿ ಬಂದವರು. ಬಾಯಿತಪ್ಪಿ ಅಂಕಲ್ ಅಂದುಬಿಟ್ಟೆ, ಅವರಿಗದು ಹಿಡಿಸಿತು. ಹೆಂಡತಿ ತೀರಿಹೋದ ದಿನ ಅವರ ಪಂಚಾಂಗದ ಪ್ರಕಾರ ಬರುತ್ತದೆ, ನಮ್ಮ ತಿಥಿಯ ಹಾಗೇ ವರ್ಷವರ್ಷ ಹಿಂದುಮುಂದಾಗುತ್ತದೆ. ಆ ದಿನ ಸೂರ್ಯ ಮುಳುಗುವುದರೊಳಗೆ ಕಡ್ಡಿಷ್ ಎಂಬ ಪ್ರಾರ್ಥನೆ ಹೇಳಬೇಕು. ಹೇಳಬೇಕಾದರೆ ಮಿನ್ಯಾನ್ ಇರಬೇಕು, ಅಂದರೆ ಹತ್ತು ಜನ ವಯಸ್ಕ ಯಹೂದಿ ಗಂಡಸರು. ಇವರ ಪುಟ್ಟ ಪ್ರಾರ್ಥನಾಮಂದಿರದಲ್ಲಿ ವಾರದ ನಡುವೆ ಹತ್ತು ಜನ ಸೇರಿಸುವುದೆಂದರೆ ಸಾಹಸವೇ. ಅವತ್ತು ಬರುತ್ತೇನೆಂದಿದ್ದ ಒಬ್ಬರು ಕೈಕೊಟ್ಟರು. ಲಿಯೋ ಅಂಕಲ್ ಕಿಟಕಿಯನ್ನೇ ನೋಡುತ್ತ, "ಆರು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿಲ್ಲ," ಎಂದರು. ಹೊರಗೆ ಬಿಸಿಲು ಇಳಿಯುತ್ತಿತ್ತು. ನನಗೆ ಸಂಕಟವಾಯಿತು.

ಆಗಲೇ ನಾನು ಎಡವಟ್ಟು ಮಾಡಿದ್ದು. ಹಿಂದಿನ ಗೌರಿಹಬ್ಬದಲ್ಲಿ ಬಾಗಿನಕ್ಕೆ ಐದು ಮುತ್ತೈದೆಯರು ಸಾಲದೆ, ಪಕ್ಕದ ಮನೆಯ ಸಮೋವಾದ ಆಂಟಿಗೇ ಕುಂಕುಮ ಹಚ್ಚಿ ಮಣೆ ಹಾಕಿ ಕೂರಿಸಿದ್ದೆವು. ಗೌರಿ ಏನೂ ಅಂದಿರಲಿಲ್ಲ. ಹೊರಗೆ ಓಡಿ ಸುಧೀರನಿಗೆ ಫೋನು ಹಚ್ಚಿದೆ.

"ಬೇಗ ಬಾರೋ, ಒಬ್ಬರು ಗಂಡಸರು ಕಮ್ಮಿ ಇದಾರೆ."

"ಏನ್ ಎತ್ತಬೇಕು?"

"ಏನೂ ಎತ್ತೋದು ಬೇಡ. ಸುಮ್ನೆ ಬಂದು ಕೂತ್ಕೋ."

ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದ, ಪಾಪ, ತಲೆಗೆ ಕರ್ಚೀಫು ಕಟ್ಟಿಕೊಂಡು. ನಾನು ಹೆಮ್ಮೆಯಿಂದ "ಹತ್ತಾಯಿತು" ಎಂದೆ. ಲಿಯೋ ಅಂಕಲ್ ಅವನ ಕೈ ಹಿಡಿದು, "ಬಂದದ್ದು ಸಂತೋಷ, ಕೂತ್ಕೋ ಮಗು. ಆದರೆ ನೀನು ನಮ್ಮವನಲ್ಲವಲ್ಲ," ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದೇ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದವಳು ನಾನು.

ಅಷ್ಟರಲ್ಲಿ ಒಬ್ಬರಿಗೆ ನೆನಪಾಯಿತು, ನ್ಯೂ ನಾರ್ತ್ ರಸ್ತೆಯ ಬಳಿ ಮಂಡಿ ಆಪರೇಷನ್ ಆಗಿ ಮಲಗಿರುವ ಯಹೂದಿ ಗೆಳೆಯರೊಬ್ಬರಿದ್ದಾರೆ, ಕರೆತರುವವರಿಲ್ಲ ಅಷ್ಟೇ ಎಂದು. ಸುಧೀರ ಕಾರಿನ ಕೀ ತೆಗೆದುಕೊಂಡು ಹೊರಟೇಬಿಟ್ಟ. ಮುರಿದ ಕಾಲಿನವರನ್ನು ಏಳಿಸಿ ಕೂರಿಸುವುದು ಅವನ ದಿನದ ಕೆಲಸವೇ. ಅವರಿಗೆ ಹೆಗಲು ಕೊಟ್ಟು ಒಳಗೆ ತಂದಾಗ ಗೋಡೆಯ ಮೇಲೆ ಇನ್ನೂ ಒಂದು ಗೇಣು ಬಿಸಿಲಿತ್ತು.

ಲಿಯೋ ಅಂಕಲ್ ಎದ್ದು ನಿಂತು ಕಡ್ಡಿಷ್ ಹೇಳಿದರು, ಉಳಿದವರು ಆಮೆನ್ ಅಂದರು. ನನಗೆ ಅಳು ತಡೆಯಲಾಗಲಿಲ್ಲ. ಹಿಂದಿನ ವರ್ಷ ಅಪ್ಪ ಹೋದಾಗ ಕಾರ್ಯ ಮಾಡಿದವನು ಚಿಕ್ಕಪ್ಪನ ಮಗ. ಒಬ್ಬಳೇ ಮಗಳಾದ ನನಗೆ ಅಮ್ಮ ಫೋನಿನಲ್ಲಿ, "ಹೆಣ್ಮಕ್ಕಳು ಮಾಡೋ ಹಾಗಿಲ್ಲ ಪುಟ್ಟಿ, ನೀನು ಅಲ್ಲೇ ಒಂದು ದೀಪ ಹಚ್ಚು," ಅಂದಿದ್ದರು. ಆಗ ಮೈಯೆಲ್ಲ ಉರಿದಿತ್ತು. ಇಲ್ಲೂ ನನ್ನನ್ನು ಎಣಿಸಲಿಲ್ಲ, ಆದರೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವ ಜಾಗವೇ ನಮ್ಮ ಊರು ಇರಬೇಕು. ಹಾಗಾದರೆ ನನ್ನನ್ನು ಎಣಿಸದ ಆ ಊರಿಗೆ ನಾನೇನು ಎನ್ನುವುದು ಮಾತ್ರ ತಿಳಿಯಲಿಲ್ಲ.

ಮುಂದಿನ ತಿಂಗಳು ಅಪ್ಪನ ತಿಥಿ. ಲಿಯೋ ಅಂಕಲ್ಲನ್ನು ಕರೆದೆ. ನಮ್ಮ ಅಡುಗೆ ಮುಟ್ಟಲಿಲ್ಲ, ಅವರ ನೇಮಕ್ಕೆ ಅದು ಆಗದು. ಬಾಳೆಹಣ್ಣು ಸುಲಿದು ತಿಂದರು. ಬೇಜಾರಾಗಲಿಲ್ಲ. ನನ್ನಜ್ಜಿಯೂ ಕಂಡವರ ಮನೆಯಲ್ಲಿ ಹಣ್ಣು ಬಿಟ್ಟು ಬೇರೇನೂ ತಿಂದವರಲ್ಲ. ಇಲ್ಲಿ ಸಂಜೆಯಾಗಿತ್ತು, ಮೈಸೂರಿನಲ್ಲಿ ಚಿಕ್ಕಪ್ಪನ ಮಗ ಪಿಂಡ ಇಡುತ್ತಿದ್ದ ಹೊತ್ತು. ನಾನು ಹಚ್ಚಿದ ದೀಪ ನೋಡುತ್ತ ಅವರು ಕೇಳಿದರು:

"ಇಲ್ಲಿ ನಾನು ಲೆಕ್ಕಕ್ಕೆ ಬರ್ತೀನಾ?"

"ಇಲ್ಲ ಅಂಕಲ್. ನಾನೂ ಬರಲ್ಲ."

ಅವರು ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. "ಸರಿ ಹಾಗಾದರೆ. ನಿಮ್ಮಪ್ಪ ಹೇಗಿದ್ದರು, ಹೇಳು."

ಅಪ್ಪ ಹೋದ ಮೇಲೆ ಆ ಮಾತನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ಇಂಗ್ಲಿಷಿನ ಒಂದಕ್ಷರವೂ ಬಾರದಿದ್ದ ಅಪ್ಪನ ಬಗ್ಗೆ ನಾನು ಇಂಗ್ಲಿಷಿನಲ್ಲಿ ಹೇಳತೊಡಗಿದೆ.