ಗಂಗೆಯಲ್ಲಿ ವಿಮಾನ ಬಿಡಲು ಹೋದದ್ದು

ಕಾಶಿಗೆ ವಿಮಾನದಲ್ಲೇ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ರೈಲಿನಲ್ಲಿ ಅಷ್ಟು ಹೊತ್ತು ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ ಎಂದು ಮನೆಯಲ್ಲಿ ಹೇಳಿದ್ದೆ. ಮಂಡಿನೋವು ಸುಳ್ಳಲ್ಲ. ಮೋಡವನ್ನು ಮೇಲಿನಿಂದ ನೋಡುವ ಚಪಲವನ್ನು ಮಾತ್ರ ಹೇಳಿರಲಿಲ್ಲ, ಅಷ್ಟೆ.

ಅಮಾವಾಸ್ಯೆಯ ದಿನ ಮಾಗಡಿಯ ನಮ್ಮ ಮನೆಗೆ ಮೈದುನ ಊಟಕ್ಕೆ ಬಂದಿದ್ದ. ರಾಮನಗರದಲ್ಲಿ ಅವನದು ರೇಷ್ಮೆ ನೂಲಿನ ವ್ಯಾಪಾರ. ಕಾಶಿಯ ಸೀರೆ ನೇಯುವವರಿಗೆ ನೂಲು ಮಾರಲು ತಿಂಗಳಿಗೊಮ್ಮೆ ಹಾರುತ್ತಾನೆ. ವಿಶ್ವನಾಥನ ಗುಡಿಗೆ ಒಮ್ಮೆಯೂ ಹೋಗಿಲ್ಲ. ನನಗೂ ಟಿಕೆಟ್ ತೆಗೆಯಲು ಅವನು ಫೋನ್ ಹಿಡಿದಿದ್ದೇ ತಡ, ಕಾಲೇಜು ಓದುವ ನನ್ನ ಮಗಳು ಅಡ್ಡ ಬಂದಳು.

"ಚಿಕ್ಕಪ್ಪ, ಫ್ಲೈಟ್ ಬಿಡೋ ಹೊಗೆಗೆ ಸರ್ಕಾರ ಇನ್ನೂ ಟ್ಯಾಕ್ಸ್ ಹಾಕ್ಬೇಕು. ಅಮ್ಮ ರೈಲಲ್ಲೇ ಹೋಗ್ಲಿ."

"ಹಾಕ್ಲಿ ಬುಡು! ನನ್ ಯಾಪಾರ ಮಕಾಡೆ ಮಲಗಿದ್ರೆ ನೂಲು ತೆಗೆಯೋರ ಮನೇಲಿ ಒಲೆ ನೀನ್ ಹಚ್ತೀಯಾ?"

ಇಬ್ಬರದೂ ಸರಿಯೆನಿಸಿತು. ಆದರೆ ಇವರ ಜಗಳದಲ್ಲಿ ನನ್ನ ಪ್ರಯಾಣ ನಿಂತುಹೋದರೆ? ಪಾಯಸ ಬಡಿಸುತ್ತಲೇ ತೀರ್ಪು ಕೊಟ್ಟೆ.

"ಹಸು ಕರು ಹಾಕ್ದಾಗ ದೇವ್ರಿಗೆ ಅಂತ ಮೊದ್ಲು ಮೀಸಲು ಹಾಲು ಎತ್ತಿಡಲ್ವಾ? ಹಂಗೇ ಮೊದಲ್ನೇ ಸಲ ಹಾರೋರ್ಗೆ ಟ್ಯಾಕ್ಸ್ ಬ್ಯಾಡ. ಆಮೇಲೆ ಹಾರ್ದಂಗೆಲ್ಲ ಏರಿಸ್ಲಿ."

"ಅತ್ತಿಗೆ, ನನ್ ತಲೆ ಮ್ಯಾಲೇ ಕಲ್ಲು ಎತ್ತಾಕಿದ್ರಲ್ಲ!"

"ಒಸಿ ಫೋನಲ್ಲೂ ಯಾಪಾರ ಮಾಡಪ್ಪ."

ಮಗಳು ನಕ್ಕಳು, ಆದರೆ ಬಿಡಲಿಲ್ಲ. "ನೀನು ಎರಡ್ನೇ ಸಲ ಹತ್ತಲ್ಲ ಅಂತ ಏನಮ್ಮ ಗ್ಯಾರಂಟಿ?"

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು. "ಇಮಾನನೇ ಬುಟ್ಟು ಬತ್ತೀನಿ, ವಾಪಸ್ ರೈಲಲ್ಲಿ" ಎಂದುಬಿಟ್ಟೆ. ಟಿಕೆಟ್ ಆಯಿತು.

ದೇವರ ದಯೆ, ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಕೆಳಗೆ ಮೋಡ, ಜರಡಿ ಹಿಡಿದ ಅಕ್ಕಿಹಿಟ್ಟಿನ ಹಾಗೆ. ಇಳಿಯುವ ಮೊದಲೇ ಇನ್ನೊಂದು ಸಲ ಬೇಕೆನಿಸಿತು.

ಮರುದಿನ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದೆ. ಕನ್ನಡ ಬಲ್ಲ ಪುರೋಹಿತರು "ಏನು ಬಿಡ್ತೀರಮ್ಮ?" ಎಂದು ಕೇಳಿದರು. ಗಂಗೆಯ ಎದುರು ಸುಳ್ಳಾಡಲಾದೀತೆ? "ವಿಮಾನ" ಎಂದೆ.

"ಅದೆಲ್ಲ ನಡೆಯಲ್ಲ. ತಿನ್ನೋದು ಏನಾದ್ರೂ ಹೇಳಿ, ಹಿಂದೆ ಜನ ಕಾಯ್ತಿದಾರೆ" ಎಂದು ಗದರಿದರು.

ತಿನ್ನುವುದರಲ್ಲಿ ನನಗೆ ಪ್ರಾಣವೆಂದರೆ ಹಲಸಿನ ಹಣ್ಣು. ಕಣ್ಣು ಮುಚ್ಚಿ ಅದನ್ನೇ ಬಿಟ್ಟೆ. ಸಂಕಟವೇನೋ ಆಯಿತು, ಆದರೂ ವಿಶ್ವನಾಥ ಹಲಸನ್ನು ತೆಗೆದುಕೊಂಡು ವಿಮಾನವನ್ನು ನನಗೇ ಉಳಿಸಿದನಲ್ಲ ಎಂದು ಕೈಮುಗಿದೆ.

ಮಾತಿನಂತೆ ರೈಲಿನಲ್ಲೇ ವಾಪಸು ಬಂದೆ. ಈಗ ಹಿತ್ತಲಲ್ಲಿ ಹಣ್ಣು ಘಮ್ಮೆನ್ನುತ್ತಿದೆ. ತೊಳೆ ಯಾಕೆ ಮುಟ್ಟುತ್ತಿಲ್ಲ ಎಂದು ಮಗಳು ಕೇಳುತ್ತಾಳೆ. ಹೊಟ್ಟೆ ಸರಿಯಿಲ್ಲ ಎನ್ನುತ್ತೇನೆ.